ನಮ್ಮ ಉಪ್ಪಿನ ದುಡ್ಡು, ಅವರ ರೈಲಿನ ಬಡ್ಡಿ

ಹೋದ ವಾರ ನೆಂಟರ ಮದುವೆಗೆಂದು ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟಿದ್ದೆವು. ಮದ್ದೂರು ದಾಟಿದ ಮೇಲೆ ನನ್ನ ಸೋದರಮಾವ ಕಿಟಕಿಯಾಚೆ ನೋಡುತ್ತಾ, "ಏನೇ ಹೇಳಪ್ಪ, ಬ್ರಿಟಿಷರು ಬರದೇ ಇದ್ದಿದ್ದರೆ ನಮಗೆ ಈ ರೈಲು ಎಲ್ಲಿಂದ ಬರುತ್ತಿತ್ತು?" ಎಂದರು. ಎದುರಿಗೆ ಕುಳಿತಿದ್ದವರೂ ಹೌದೌದೆಂದು ತಲೆಯಾಡಿಸಿದರು. ಹಿರಿಯರ ಮಾತಿಗೆ ಎಲ್ಲರೆದುರು ವಾದ ಹೂಡುವುದು ಬೇಡವೆಂದು ನಾನು ಸುಮ್ಮನಾದೆ. ಆ ಮೌನ ವಾರದಿಂದ ನನ್ನನ್ನು ಕೊರೆಯುತ್ತಿದೆ. ಅದಕ್ಕಾಗಿ ಈ ಬರಹ. ಮಾವ, ನೀವು ಓದುತ್ತೀರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾವು ಕುಳಿತಿದ್ದ ಮಾರ್ಗದಿಂದಲೇ ಶುರು ಮಾಡುತ್ತೇನೆ. ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸ ಆರಂಭವಾದದ್ದು 1876–78ರ ಮಹಾಕ್ಷಾಮದಲ್ಲಿ, ಬರ ಪರಿಹಾರದ ಕಾಮಗಾರಿಯಾಗಿ. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದುದು ಇದನ್ನೇ. ಆಗ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರ್‌ಗಳೇ ಆಳುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡಿನಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾಗಿದ್ದರು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಐದರಲ್ಲೊಂದು ಪಾಲು ಜನಸಂಖ್ಯೆ ಕುಸಿದಿತ್ತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗ ಅದರ ತಲೆಯ ಮೇಲೆ ಭಾರತ ಸರ್ಕಾರಕ್ಕೆ ಕೊಡಬೇಕಾದ 80 ಲಕ್ಷ ರೂಪಾಯಿಯ ಬರದ ಸಾಲವಿತ್ತು. ಬರವನ್ನು ನಿಭಾಯಿಸಿದ್ದು ಬ್ರಿಟಿಷ್ ಆಡಳಿತ, ಸಾಲ ತೀರಿಸಬೇಕಾದದ್ದು ಬದುಕುಳಿದ ರೈತ. ಮರುವರ್ಷ, 1882ರಲ್ಲಿ, ರೈಲು ಮೈಸೂರನ್ನು ಮುಟ್ಟಿತು.

ಹಸಿದವರು ಹೊತ್ತ ಮಣ್ಣಿನ ಏರಿ ಅದು. ಆ ವರ್ಷಗಳಲ್ಲಿ ಮದ್ರಾಸ್ ಪ್ರಾಂತ್ಯದ ಬರದ ಕಾಮಗಾರಿಗಳಿಗೆ ಬರದ ಉಸ್ತುವಾರಿಗೆಂದು ಭಾರತ ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ಅಷ್ಟು. ಇದು ಸಾಲದೆಂದು ಅದೇ ಸರ್ಕಾರದ ಆರೋಗ್ಯಾಧಿಕಾರಿ ಕಾರ್ನಿಷ್ ಲಿಖಿತವಾಗಿಯೇ ಜಗಳವಾಡಿದರು. ಖರ್ಚು ಹಿಡಿತದಲ್ಲಿರಬೇಕು ಎನ್ನುವುದು ಮೇಲಿನವರ ಉತ್ತರ.

ಹಾಗಾದರೆ ಖರ್ಚಿನ ಹಿಡಿತ ಎಲ್ಲಿ ಸಡಿಲವಾಗಿತ್ತು? ನನ್ನ ಸಿಟ್ಟೆಲ್ಲ ಇರುವುದು ಈ ಪ್ರಶ್ನೆಯ ಸುತ್ತ.

1849ರಿಂದ ಭಾರತದಲ್ಲಿ ರೈಲು ಹಾಕಲು ಬಂದ ಲಂಡನ್ನಿನ ಕಂಪನಿಗಳಿಗೆ ಸರ್ಕಾರ ಒಂದು ಭರವಸೆ ಕೊಟ್ಟಿತ್ತು: ಹೂಡಿದ ಬಂಡವಾಳಕ್ಕೆ ನೂರಕ್ಕೆ ಐದರಂತೆ ಬಡ್ಡಿ ಖಾತ್ರಿ. ರೈಲು ಲಾಭ ಮಾಡದಿದ್ದರೆ ಆ ಕೊರತೆಯನ್ನು ಭಾರತದ ಖಜಾನೆ ತುಂಬಿಕೊಡಬೇಕು. ಜಾಗ ಬಿಟ್ಟಿ. ಲಾಭ ಬಂದರೆ ಕಂಪನಿಗೆ ಪಾಲು, ನಷ್ಟವಾದರೆ ಪೂರ್ತಿ ನಮಗೆ. ಹೀಗಿರುವಾಗ ಮೈಲಿಗೆ ಎಷ್ಟು ಖರ್ಚಾಯಿತೆಂದು ಯಾವ ಕಂಪನಿ ತಲೆಕೆಡಿಸಿಕೊಳ್ಳುತ್ತದೆ? ಭಾರತದಲ್ಲಿ ಹಣಕಾಸು ಸದಸ್ಯರಾಗಿದ್ದ, ಎಂದರೆ ವೈಸರಾಯ್ ಮಂಡಳಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ, ವಿಲಿಯಂ ಮ್ಯಾಸಿ 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೆದುರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಐದು ಪರ್ಸೆಂಟ್ ಖಾತ್ರಿಯಿರುವವರೆಗೆ ತಾನು ಕೊಟ್ಟ ಹಣವನ್ನು ಹೂಗ್ಲಿ ನದಿಗೆ ಎಸೆದರೂ, ಇಟ್ಟಿಗೆ ಗಾರೆಯಾಗಿಸಿದರೂ ಇಂಗ್ಲಿಷ್ ಬಂಡವಾಳಗಾರನಿಗೆ ಒಂದೇ. ಹೀಗೆ ಹೇಳಿದ್ದು ಆ ಖಜಾನೆಯ ಕೀಲಿ ಹಿಡಿದಿದ್ದ ಮನುಷ್ಯನೇ ಎಂಬುದನ್ನು ಗಮನಿಸಬೇಕು.

ಆ ಖಜಾನೆಗೆ ಹಣ ಬರುತ್ತಿದ್ದುದು ಮುಖ್ಯವಾಗಿ ಭೂಕಂದಾಯದಿಂದ, ಅಫೀಮಿನಿಂದ, ಉಪ್ಪಿನಿಂದ. 1888ರಲ್ಲಿ ಉಪ್ಪಿನ ತೆರಿಗೆಯನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸಿದರು. ಅಂಬಲಿಗೆ ಒಂದು ಹರಳು ಉಪ್ಪು ಹಾಕಿಕೊಂಡ ಕೂಲಿಯವಳೂ ರೈಲಿನ ಬಡ್ಡಿಗೆ ತನ್ನ ಪಾಲು ಕೊಟ್ಟಿದ್ದಾಳೆ. ಟಿಕೆಟ್ ಕೊಳ್ಳುವಷ್ಟು ಕಾಸು ಅವಳ ಕೈಯಲ್ಲಿ ಎಂದಾದರೂ ಇತ್ತೇ?

ನೀರಿನ ವಿಷಯಕ್ಕೆ ಬರುತ್ತೇನೆ. ಗೋದಾವರಿಗೆ ದೌಲೇಶ್ವರದಲ್ಲಿ 1847ರಿಂದ 1852ರವರೆಗೆ ಅಣೆಕಟ್ಟು ಕಟ್ಟಿದ ಬ್ರಿಟಿಷ್ ಎಂಜಿನಿಯರ್ ಸರ್ ಆರ್ಥರ್ ಕಾಟನ್ ಜೀವನವಿಡೀ ಒಂದೇ ವಾದ ಮಾಡಿದರು: ಈ ದೇಶಕ್ಕೆ ಮೊದಲು ಬೇಕಾದದ್ದು ನೀರು, ಆಮೇಲೆ ರೈಲು. ಕಾಲುವೆ ತೋಡಿದರೆ ಬೆಳೆಯೂ ಬರುತ್ತದೆ, ದೋಣಿಯಲ್ಲಿ ಸಾಗಣೆಯೂ ಅಗ್ಗವಾಗುತ್ತದೆ ಎಂದರು. ತುಂಗಭದ್ರೆಗೆ ದೊಡ್ಡ ಜಲಾಶಯ ಕಟ್ಟಿ ಬಳ್ಳಾರಿಯ ಬರಗಾಲದ ಸೀಮೆಗೆ ನೀರು ಹರಿಸುವ ಯೋಚನೆಯನ್ನು 1860ರಲ್ಲೇ ಮುಂದಿಟ್ಟರು. ಇಸವಿ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ. 1878ರಲ್ಲಿ, ಬರ ಮುಗಿಯುವ ಹೊತ್ತಿಗೆ, ಪಾರ್ಲಿಮೆಂಟಿನ ಸಮಿತಿಯೊಂದು ಭಾರತದ ಲೋಕೋಪಯೋಗಿ ಕಾಮಗಾರಿಗಳ ಬಗ್ಗೆ ವಿಚಾರಣೆ ನಡೆಸಿದಾಗ ಮುದುಕರಾಗಿದ್ದ ಕಾಟನ್ ಅಲ್ಲಿಗೂ ಹೋಗಿ ಇದನ್ನೇ ಹೇಳಿದರು. ಪ್ರಯೋಜನವಾಗಲಿಲ್ಲ. ಶತಮಾನ ಮುಗಿಯುವಷ್ಟರಲ್ಲಿ ರೈಲಿಗೆ ಸುರಿದ ಬಂಡವಾಳ 20 ಕೋಟಿ ಪೌಂಡು ದಾಟಿತ್ತು. ನೀರಾವರಿಗೆ ಸಿಕ್ಕಿದ್ದು ಅದರ ಸಣ್ಣ ಪಾಲು.

ಕಾಟನ್ ಅವರನ್ನು ದೇವರು ಮಾಡುವುದು ನನ್ನ ಉದ್ದೇಶವಲ್ಲ. ಅವರ ಪ್ರೇರಣೆಯಿಂದ ಹುಟ್ಟಿದ ಮದ್ರಾಸ್ ನೀರಾವರಿ ಕಂಪನಿಗೂ ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಅದೇ ಐದು ಪರ್ಸೆಂಟ್ ಖಾತ್ರಿ ಸಿಕ್ಕಿತ್ತು. ಅದು ಸುಂಕೇಸುಲದಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿ ಕರ್ನೂಲು–ಕಡಪ ಕಾಲುವೆ ತೋಡಿತು. ಲೆಕ್ಕ ತಪ್ಪಿತು, ದುಂದಾಯಿತು. ನೀರು ಬಂದ ಮೇಲೂ ರೈತರು ಹೆಚ್ಚಾಗಿ ಕೊಳ್ಳಲಿಲ್ಲ. ಯಾಕೆ ಕೊಳ್ಳುತ್ತಾರೆ? ಎರೆ ಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುವವನಿಗೆ ಮಳೆ ಸರಿಯಾಗಿ ಬಿದ್ದ ವರ್ಷ ಕಾಲುವೆ ನೀರಿನ ಹಂಗಿಲ್ಲ. ಕರಿ ಮಣ್ಣು ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನಮ್ಮೂರಿನ ಯಾವ ಮುದುಕನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಿದವರಿಲ್ಲ. 1882ರಲ್ಲಿ ಸರ್ಕಾರವೇ ಆ ಕಾಲುವೆಯನ್ನು ಕೊಂಡುಕೊಂಡಿತು, ಮತ್ತೆ ನಮ್ಮದೇ ದುಡ್ಡಿನಿಂದ. ರೈಲು ಕೆಟ್ಟದ್ದು, ಕಾಲುವೆ ಒಳ್ಳೆಯದು ಎಂಬ ಸರಳ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ದುಡ್ಡು ಕೊಡುವವನನ್ನು ಒಂದು ಮಾತು ಕೇಳದೆ ಮಾಡಿದ ಖರ್ಚು ಎರಡೂ ಕಡೆ ಒಂದೇ ರೀತಿ ಹಾಳಾಯಿತು.

ಕೇಳುವ ಜಾಗವಾದರೂ ಎಲ್ಲಿತ್ತು? ಭಾರತದ ಮೊದಲ ಬಜೆಟ್ಟನ್ನು ಜೇಮ್ಸ್ ವಿಲ್ಸನ್ 1860ರಲ್ಲಿ ಮಂಡಿಸಿದರು. ಆದಾಯ ತೆರಿಗೆ ಬಂದದ್ದೂ ಅವರಿಂದಲೇ. ಆಮೇಲಿನ ಮೂವತ್ತು ವರ್ಷ, ಹೊಸ ತೆರಿಗೆಗೆ ಕಾನೂನು ಬೇಕಾದಾಗ ಮಾತ್ರ ಶಾಸನ ಸಭೆಯಲ್ಲಿ ಹಣಕಾಸಿನ ಮಾತು ಬರುತ್ತಿತ್ತು. ಇಲ್ಲದಿದ್ದರೆ ಇಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ ಸರ್ಕಾರ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಕ್ಷಾಮ ವಿಮಾ ನಿಧಿಯನ್ನು ಘೋಷಿಸಿತು. ಅದಕ್ಕೆಂದೇ ಹೊಸ ತೆರಿಗೆ ಹಾಕಿತು, ಈ ಹಣ ಬೇರೆ ಯಾವುದಕ್ಕೂ ಹೋಗದೆಂದು ವಾಗ್ದಾನ ಮಾಡಿತು. ಅದೇ ವರ್ಷದ ಕೊನೆಗೆ ಅಫ್ಘಾನ್ ಯುದ್ಧ ಶುರುವಾಯಿತು, ಬರದ ಹಣ ಅತ್ತ ಹರಿಯಿತು. ಲಕ್ಷಗಟ್ಟಲೆ ಹೆಣಗಳ ಎದುರು ಕೊಟ್ಟ ಮಾತು ಅದು. ಒಂದು ವರ್ಷವೂ ಬಾಳಲಿಲ್ಲ.

1892ರ ಕಾಯ್ದೆಯಿಂದ ಶಾಸನ ಸಭೆಯ ಸದಸ್ಯರಿಗೆ ಬಜೆಟ್ ಮೇಲೆ ಮಾತನಾಡುವ ಅವಕಾಶ ಬಂತು. ಮಾತನಾಡುವ ಅವಕಾಶ, ಅಷ್ಟೇ. ಮತ ಹಾಕುವಂತಿಲ್ಲ, ತಿದ್ದುಪಡಿ ತರುವಂತಿಲ್ಲ. ಮಾರ್ಚ್ ಕೊನೆಯಲ್ಲಿ ಒಂದು ದಿನ ಕಲ್ಕತ್ತೆಯಲ್ಲಿ ಸಭೆ ಸೇರಿ, ಸದಸ್ಯರು ಬರೆದು ತಂದ ಭಾಷಣ ಓದುತ್ತಾರೆ, ಹಣಕಾಸು ಸದಸ್ಯರು ಉತ್ತರ ಹೇಳುತ್ತಾರೆ, ವೈಸರಾಯ್ ಮುಗಿಸುತ್ತಾರೆ. ಲೆಕ್ಕದಲ್ಲಿ ಒಂದು ಪೈಸೆ ಅತ್ತಿತ್ತ ಆಗುವುದಿಲ್ಲ.

1902ರ ಮಾರ್ಚ್ 26ರಂದು ಅಲ್ಲಿ ಗೋಪಾಲಕೃಷ್ಣ ಗೋಖಲೆ ಎದ್ದು ನಿಂತರು. ವಯಸ್ಸು 35. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿದ್ದ ಮೇಷ್ಟ್ರು. ಎದುರಿಗೆ ವೈಸರಾಯ್ ಕರ್ಜನ್. ಹಣಕಾಸು ಸದಸ್ಯ ಎಡ್ವರ್ಡ್ ಲಾ ಅವರು ಸುಮಾರು 7 ಕೋಟಿ ರೂಪಾಯಿ ಉಳಿತಾಯ ತೋರಿಸಿದ್ದರು, ಸಭೆಯಲ್ಲಿ ಅಭಿನಂದನೆಗಳು ನಡೆದಿದ್ದವು. ಗೋಖಲೆ ತಮ್ಮ ಆತ್ಮಸಾಕ್ಷಿ ಈ ಅಭಿನಂದನೆಯಲ್ಲಿ ಸೇರಲು ಬಿಡದು ಎಂದು ಮಾತು ಆರಂಭಿಸಿದರು. 1896–97ರಲ್ಲಿ ಒಂದು ಬರ, 1899–1900ರಲ್ಲಿ ಇನ್ನೊಂದು, ನಡುವೆ ಪ್ಲೇಗು. ಜನ ಸಾಯುತ್ತಿರುವಾಗ ಖಜಾನೆ ತುಂಬಿ ತುಳುಕುತ್ತಿದ್ದರೆ, ದೇಶದ ಸ್ಥಿತಿಗೂ ಅದರ ಹಣಕಾಸಿನ ಸ್ಥಿತಿಗೂ ಸಂಬಂಧವೇ ಇಲ್ಲವೆಂದು ಅರ್ಥ ಎಂದರು. ಬರೀ ಆವೇಶದ ಮಾತಲ್ಲ, ಲೆಕ್ಕದ ಮೇಷ್ಟ್ರ ಬಿಡಿಸುವಿಕೆ: ನಮ್ಮ ರೂಪಾಯಿ ಬೆಳ್ಳಿಯದು; ಬೆಳ್ಳಿಯ ಬೆಲೆ ಕುಸಿದು ಲಂಡನ್ನಿಗೆ ಪೌಂಡಿನಲ್ಲಿ ಕಳಿಸಬೇಕಾದ ಹಣ ಭಾರವಾದಾಗ ತೆರಿಗೆಗಳನ್ನು ಏರಿಸಿದಿರಿ. 1893ರಲ್ಲಿ ಜನ ತಂದ ಬೆಳ್ಳಿಯನ್ನು ನಾಣ್ಯವಾಗಿಸುತ್ತಿದ್ದ ಟಂಕಸಾಲೆಗಳನ್ನು ಮುಚ್ಚಿದ ಮೇಲೆ ರೂಪಾಯಿ ಚೇತರಿಸಿಕೊಂಡು 16 ಪೆನ್ಸಿಗೆ ನಿಂತಿತು, ಭಾರ ಇಳಿಯಿತು. ತೆರಿಗೆ ಮಾತ್ರ ಇಳಿಯಲಿಲ್ಲ. ನಿಮ್ಮ ಉಳಿತಾಯ ಎಂದರೆ ಅದೇ.

ಆ ಭಾಷಣವನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಮತವಿಲ್ಲ, ಅಧಿಕಾರವಿಲ್ಲ, ಆದರೂ ಪ್ರತಿ ಅಂಕಿಯನ್ನು ಹಿಡಿದು ನಿಂತ ಹಟ ಅದು. ಅಂದು ಏನೂ ಬದಲಾಗಲಿಲ್ಲ. ಮರುವರ್ಷ ಉಪ್ಪಿನ ತೆರಿಗೆ ಎರಡು ರೂಪಾಯಿಗೆ ಇಳಿಯಿತು. 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ. ಗೋಖಲೆ ಪ್ರತಿ ಮಾರ್ಚ್‌ನಲ್ಲಿಯೂ ಎದ್ದು ನಿಲ್ಲುತ್ತಿದ್ದರು. ಉಳಿದ ಹಣವನ್ನು ರೈಲಿಗೇ ಸುರಿಯುವುದನ್ನು ಬಿಟ್ಟು ಶಾಲೆಗೆ, ಊರಿನ ನೈರ್ಮಲ್ಯಕ್ಕೆ ಕೊಡಿ ಎನ್ನುತ್ತಿದ್ದರು. ಐದು ಹಳ್ಳಿಗಳಲ್ಲಿ ನಾಲ್ಕಕ್ಕೆ ಶಾಲೆಯಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿದ್ದ ಕಾಲ ಅದು. ಅವರು ಪ್ರತಿನಿಧಿಸುತ್ತಿದ್ದ ಮುಂಬಯಿ ಪ್ರಾಂತ್ಯದಲ್ಲಿ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಇದ್ದವು.

ಕಾಮಗಾರಿಗಳನ್ನು ಸರ್ಕಾರ ಎರಡು ಬಗೆಯಾಗಿ ನೋಡುತ್ತಿತ್ತು: ಸಾಲದ ಬಡ್ಡಿಯನ್ನು ತಾನೇ ದುಡಿದುಕೊಡುವಂಥವು, ಬರದಿಂದ ಕಾಪಾಡುವಂಥವು. ಮೊದಲನೆಯದಕ್ಕೆ ಸಾಲ ಸುಲಭ. ಪಂಜಾಬಿನ ಕಾಲುವೆಗಳು ಹಾಗೆ ಬಂದವು, ಲಾಭವನ್ನೂ ತಂದವು. ನಮ್ಮ ದಖ್ಖನ್ ಸೀಮೆಯ ಕಾಮಗಾರಿ ಬಡ್ಡಿ ಹುಟ್ಟಿಸುವುದಿಲ್ಲ. ಬರದ ವರ್ಷ ಪ್ರಾಣ ಉಳಿಸುತ್ತದೆ. ಪ್ರಾಣ ಉಳಿದದ್ದನ್ನು ಬರೆದುಕೊಳ್ಳಲು ಆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇರಲಿಲ್ಲ. 1901–03ರ ನೀರಾವರಿ ಆಯೋಗ ಇಂಥ ಕೆಲಸಗಳನ್ನು ಬರೀ ಆದಾಯದಿಂದ ಅಳೆಯಬಾರದೆಂದು ಹೇಳಿ, ದೇಶಕ್ಕೆಲ್ಲ ಸೇರಿ ಇಪ್ಪತ್ತು ವರ್ಷಗಳಲ್ಲಿ 44 ಕೋಟಿ ರೂಪಾಯಿಯ ಕಾಮಗಾರಿಗಳನ್ನು ಸೂಚಿಸಿತು. ಬಳ್ಳಾರಿ ಮತ್ತೆ ಕಾಯಿತು.

ಮೈಸೂರಿನಲ್ಲೂ ಎಲ್ಲವೂ ಸರಿಯಿತ್ತೆಂದು ಹೇಳಲಾರೆ. 1881ರಲ್ಲಿ ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಕರೆದಾಗ ಅವರಿಗೂ ಮತದ ಹಕ್ಕಿರಲಿಲ್ಲ. ಆದರೂ ದಿವಾನರು ಸಂಸ್ಥಾನದ ಜಮಾಖರ್ಚನ್ನು ರೈತರು, ವರ್ತಕರ ಎದುರು ಇಡುತ್ತಿದ್ದರು. ವರ್ಷವರ್ಷ ಲಕ್ಷಗಟ್ಟಲೆ ಪೊಗದಿಯನ್ನು ಬ್ರಿಟಿಷರಿಗೆ ಕಟ್ಟುತ್ತಲೇ ಈ ಸಂಸ್ಥಾನ 1907ರ ಹೊತ್ತಿಗೆ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟಿ ಮುಗಿಸಿತು, 1911ರಲ್ಲಿ ಕನ್ನಂಬಾಡಿಗೆ ಕೈಹಾಕಿತು. ಮನಸ್ಸಿದ್ದರೆ ಆಗುತ್ತಿತ್ತು ಎನ್ನಲು ಪಕ್ಕದಲ್ಲೇ ಸಾಕ್ಷಿ ಇತ್ತು.

1919ರ ಸುಧಾರಣೆಯ ನಂತರ ದೆಹಲಿಯ ಸಭೆಗೆ ಕೆಲವು ಬಾಬತ್ತುಗಳ ಮೇಲೆ ಮತದ ಹಕ್ಕು ಬಂತು. ಸೇನೆ, ಸಾಲದ ಬಡ್ಡಿಯಂಥ ದೊಡ್ಡ ಮೊತ್ತಗಳು ಮತದ ಆಚೆಗೇ ಉಳಿದವು. 1923ರಲ್ಲಿ ಉಪ್ಪಿನ ತೆರಿಗೆಯನ್ನು ಇಮ್ಮಡಿಗೊಳಿಸುವ ಪ್ರಸ್ತಾಪವನ್ನು ಸಭೆ ತಿರಸ್ಕರಿಸಿತು. ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಏಳು ವರ್ಷದ ಮೇಲೆ ಗಾಂಧೀಜಿ ದಂಡಿಯಲ್ಲಿ ಬಗ್ಗಿ ಎತ್ತಿಕೊಂಡ ಉಪ್ಪಿನ ಹಿಂದೆ ಇಷ್ಟೆಲ್ಲ ಬಜೆಟ್ ಚರ್ಚೆಗಳಿದ್ದವು.

ಮಾವ, ರೈಲು ಬಂದದ್ದು ಸುಳ್ಳಲ್ಲ. ಕ್ಷಾಮದಲ್ಲಿ ರೈಲು ಧಾನ್ಯ ತಂದ ಊರುಗಳೂ ಇವೆ, ಕೊಳ್ಳುವ ಕಾಸಿಲ್ಲದವರ ಕಣ್ಣೆದುರೇ ಧಾನ್ಯವನ್ನು ಬಂದರಿಗೆ ಸಾಗಿಸಿದ ಊರುಗಳೂ ಇವೆ. ಆದರೆ ರೈಲನ್ನು ಬ್ರಿಟಿಷರು "ಕೊಟ್ಟರು" ಎನ್ನಬೇಡಿ. ಆ ಒಂದು ಕ್ರಿಯಾಪದ ನನಗೆ ನೋವುಂಟುಮಾಡುತ್ತದೆ. ಕೊಟ್ಟವರು ನಮ್ಮವರು, ಏನು ಬೇಕೆಂದು ಯಾರೂ ಕೇಳದೆ.

1860ರಲ್ಲಿ ಕಾಟನ್ ಹೇಳಿದ ತುಂಗಭದ್ರಾ ಜಲಾಶಯಕ್ಕೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ನಡುವೆ ಮದ್ರಾಸ್, ಹೈದರಾಬಾದ್, ಮೈಸೂರುಗಳ ನೀರಿನ ಜಗಳವೂ ಇತ್ತು, ದುಡ್ಡಿಲ್ಲವೆಂಬ ನೆಪವೂ ಇತ್ತು. ನೀರು ನಿಂತದ್ದು 1953ರಲ್ಲಿ. ನಮ್ಮೂರಿನ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ತಾತ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದ್ದನ್ನು, ಬೊಗಸೆಯಲ್ಲಿ ನೀರೆತ್ತಿ ನಿಮ್ಮ ನೆತ್ತಿಗೆ ಹಾಕಿ ಅತ್ತಿದ್ದನ್ನು ನೀವೇ ನನಗೆ ಹೇಳಿದ್ದೀರಿ. ಬರುವ ಹಬ್ಬಕ್ಕೆ ಊರಿಗೆ ಬನ್ನಿ. ಆ ತೂಬಿನ ಕಟ್ಟೆಯ ಮೇಲೆ ಕುಳಿತು ಉಳಿದದ್ದನ್ನು ಮಾತಾಡೋಣ.