ವಜಾ ಆದವರು ಪೈಲಟ್‌ಗಳಲ್ಲ: ವಾಟ್ಸ್‌ಆ್ಯಪ್ ಸಂದೇಶಕ್ಕೊಂದು ಸ್ಪಷ್ಟನೆ

ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗುತ್ತಿದೆ: ‘2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಜಾ ಮಾಡಿದ ಪೈಲಟ್‌ಗಳನ್ನು ಯೂನಿಯನ್ ವಾಪಸ್ ಸೇರಿಸಿತು. ಪೈಲಟ್ ಆಗಿರುವ ಮಕ್ಕಳಿಗೆ ಯೂನಿಯನ್ ಇರುವ ಕಂಪನಿಯೇ ಭದ್ರ, ಒಂದು ತಿಂಗಳ ನೋಟಿಸ್ ಕೊಟ್ಟು ಬದಲಾಯಿಸಲಿ.’

ವಜಾ ಆದವರು ಪೈಲಟ್‌ಗಳಲ್ಲ, ಕ್ಯಾಬಿನ್ ಸಿಬ್ಬಂದಿ. ಸುಮಾರು 25 ಮಂದಿ. ಆ ಮೇ ತಿಂಗಳಲ್ಲಿ ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದ್ದೂ ಕ್ಯಾಬಿನ್ ಸಿಬ್ಬಂದಿಯೇ. ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಸಂಧಾನ ನಡೆದು ವಜಾ ರದ್ದಾಯಿತು. ಅದರಲ್ಲಿ ಯೂನಿಯನ್ನಿನ ಬಲ ಇತ್ತು, ಅಲ್ಲಗಳೆಯುವಂತಿಲ್ಲ.

ನೋಟಿಸಿನ ಮಾತಂತೂ ಪೂರ್ತಿ ತಪ್ಪು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಕಮಾಂಡರ್‌ಗೆ (ವಿಮಾನದ ಮುಖ್ಯ ಪೈಲಟ್) ಒಂದು ವರ್ಷ, ಸಹ ಪೈಲಟ್‌ಗೆ ಆರು ತಿಂಗಳ ನೋಟಿಸ್. ಕಂಪನಿಯೇ ನಿರಾಕ್ಷೇಪಣಾ ಪತ್ರ ಕೊಟ್ಟರೆ ಮಾತ್ರ ಬೇಗ ಬಿಡುಗಡೆ. ಹೊಸ ಕಡೆ ಹಳೆಯ ಸೀನಿಯಾರಿಟಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ತರಬೇತಿ ಬಾಂಡ್ (ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟುವ ಒಪ್ಪಂದ) ಇದ್ದರೆ ಅದರ ಮೊತ್ತವನ್ನೂ ನೋಡಿಕೊಳ್ಳಬೇಕು.

ಇನ್ನು ಕಂಪನಿಯೇ ಮುಳುಗಿದರೆ ಯೂನಿಯನ್ ತಾನೇ ಏನು ಮಾಡೀತು? ಮಂಗಳೂರಿಗೂ ಹಾರುತ್ತಿದ್ದ ಜೆಟ್ ಏರ್‌ವೇಸ್‌ನ ಪೈಲಟ್‌ಗಳಿಗೆ ಸಂಘವಿತ್ತು. 2009ರಲ್ಲಿ ಇಬ್ಬರು ಸಹೋದ್ಯೋಗಿಗಳ ವಜಾ ವಿರೋಧಿಸಿ ವಿಮಾನಗಳನ್ನೇ ನಿಲ್ಲಿಸಿದ ಪೈಲಟ್‌ಗಳು ಅವರು. ಆದರೆ 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಾಗ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದಿತ್ತು.