ಬ್ಯಾರಿಸ್ಟರ್ ಬಸು ಕೋರ್ಟಿನಲ್ಲಿ ವಾದಿಸಿದವರಲ್ಲ

ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಕಲ್ಕತ್ತಾ ಹೈಕೋರ್ಟಿನಲ್ಲಿ ಹೆಸರು ಮಾಡಿದ ವಕೀಲರು ಎಂದು ಅವರ ಕುರಿತ ಕನ್ನಡ ಲೇಖನವೊಂದರಲ್ಲಿದೆ, ಅದು ತಪ್ಪು. 1935ರಲ್ಲಿ ಲಂಡನ್ನಿಗೆ ಹೋಗಿ ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಮಿಡ್ಲ್ ಟೆಂಪಲ್‌ನಲ್ಲಿ ಓದಿದರು, 1940ರಲ್ಲಿ ಮರಳಿ ಬ್ಯಾರಿಸ್ಟರ್ ಎಂದು ಹೆಸರು ನೋಂದಾಯಿಸಿದರು. ವಕೀಲಿಗೆ ಇಳಿಯಲೇ ಇಲ್ಲ. ಸೀದಾ ರೈಲ್ವೆ ಕಾರ್ಮಿಕರ ಸಂಘಟನೆಗೆ ಹೋದರು. 1946ರಲ್ಲಿ ಶಾಸಕರಾಗಿದ್ದೂ ರೈಲ್ವೆ ಕಾರ್ಮಿಕರ ಕ್ಷೇತ್ರದಿಂದಲೇ.

ಗೇಣಿದಾರರ ಹೆಸರು ದಾಖಲಿಸಲು ಬಸು ಸರ್ಕಾರ 1978ರಲ್ಲಿ ಕೈಗೊಂಡ ಆಪರೇಷನ್ ಬರ್ಗಾ ಬಗ್ಗೆ ಲೇಖನದಲ್ಲಿ ಒಂದೇ ಸಾಲು! ಅದಕ್ಕೆ ಮೊದಲು ದಾಖಲಾತಿ ಸೋಲುತ್ತಿದ್ದುದಕ್ಕೆ ಕಾರಣ ಸರಳ: ಅಧಿಕಾರಿ ಜಮೀನ್ದಾರನ ಜಗಲಿಯಲ್ಲಿ ಕೂತರೆ ಗೇಣಿದಾರ ಬಾಯಿ ಬಿಡುತ್ತಾನೆಯೇ? ಹೊಸ ಕ್ರಮದಲ್ಲಿ ಸಂಜೆ, ಕೆಲಸ ಮುಗಿದ ಮೇಲೆ, ಗೇಣಿದಾರರನ್ನೇ ಗುಂಪಾಗಿ ಕೂರಿಸಿ ಸಭೆ. ಆಮೇಲೆ ಹೊಲದಲ್ಲಿ ಪರಿಶೀಲನೆ, ಪಟ್ಟಿ ಪ್ರಕಟಣೆ, ತಕರಾರಿನ ವಿಚಾರಣೆ, ಕೊನೆಗೆ ನೋಂದಣಿ ಪತ್ರ. ‘ಇವನು ನನ್ನ ಗೇಣಿದಾರನಲ್ಲ’ ಎಂದು ಸಾಬೀತು ಮಾಡುವ ಹೊಣೆ ಒಡೆಯನದು. ಬೀಜ, ಗೊಬ್ಬರ, ಎತ್ತು ಒಡೆಯನದಾದರೆ ಬೆಳೆ ಅರ್ಧರ್ಧ, ಇಲ್ಲದಿದ್ದರೆ ಮುಕ್ಕಾಲು ಪಾಲು ಗೇಣಿದಾರನಿಗೆ. ಆದರೆ ಇದರಿಂದ ಸಿಕ್ಕಿದ್ದು ಉಳುವ ಹಕ್ಕು, ಒಡೆತನವಲ್ಲ. ನಮ್ಮಲ್ಲಿ ದೇವರಾಜ ಅರಸರ ಕಾಲದ ‘ಉಳುವವನೇ ಹೊಲದೊಡೆಯ’ಕ್ಕೂ ಇದಕ್ಕೂ ಇರುವ ಅಂತರ ಅದೇ.

ಅಂದಹಾಗೆ, 1996ರಲ್ಲಿ ತಮ್ಮ ಪಕ್ಷ ಸಿಪಿಎಂ ಬೇಡವೆಂದದ್ದಕ್ಕೆ ಬಸು ಪ್ರಧಾನಿಯಾಗಲಿಲ್ಲ, ದೇವೇಗೌಡರಾದರು. ಅದನ್ನಾದರೂ ಕನ್ನಡ ಲೇಖನದಲ್ಲಿ ಬಿಡಬಾರದಿತ್ತು.