ಕೊಂದವನ್ಯಾರು ಅನ್ನೋ ಪ್ರಶ್ನೆ ಸಾಕು ಮಾರಾಯ್ರೆ

ಹಳೇ ಕೊಲೆ ಕೇಸುಗಳ ಪುಸ್ತಕ ಓದುವ ಚಟ ನಂಗೆ ಕಾಲೇಜಿಗೆ ಹೋಗುವಾಗಿಂದ್ಲೂ ಉಂಟು. ಆಗ ಕಾಸರಗೋಡಲ್ಲಿ ಇಂಥ ಪುಸ್ತಕ ಸಿಗ್ತಿರ್ಲಿಲ್ಲ, ಮಂಗಳೂರಿಗೆ ಹೋಗುವವರತ್ರ ಹೇಳಿ ತರಿಸ್ಬೇಕಿತ್ತು. ಈಗ ಎಂತ, ಫೋನ್ ತೆಗೆದ್ರೆ ಸಾಕು ಕೊಲೆಯೇ ಕೊಲೆ. ಮಲಯಾಳದಲ್ಲಂತೂ ಸುಕುಮಾರ ಕುರುಪನ ಮೇಲೆ ಬಂದ ವಿಡಿಯೋಗಳಿಗೆ ಲೆಕ್ಕವೇ ಇಲ್ಲ. 1984ರ ಕೇಸು ಅದು, ತಾನೇ ಸತ್ತೆ ಅಂತ ತೋರಿಸಿ ಇನ್ಶೂರೆನ್ಸ್ ದುಡ್ಡು ಹೊಡೀಲಿಕ್ಕೆ ರಾತ್ರಿ ರಸ್ತೆ ಬದಿ ನಿಂತಿದ್ದ ಒಬ್ಬನಿಗೆ ಲಿಫ್ಟ್ ಕೊಟ್ಟು ಕೊಂದು ಕಾರಲ್ಲಿಟ್ಟು ಸುಟ್ಟದ್ದು. ಎಲ್ಲಾ ವಿಡಿಯೋದ್ದೂ ಒಂದೇ ರಾಗ, ಕುರುಪ್ ಈಗ ಎಲ್ಲಿದ್ದಾನೆ, ಬದುಕಿದ್ದಾನಾ, ಗಡ್ಡ ಬಿಟ್ಟು ಸ್ವಾಮಿ ಆಗಿದ್ದಾನಾ ಅಂತ. ಸುಟ್ಟು ಹೋದ ಚಾಕೋ ಎಂಬ ಮನುಷ್ಯ, ಅವನ ಬಸುರಿ ಹೆಂಡತಿ, ಅವರ ಸುದ್ದಿ ಅರ್ಧ ನಿಮಿಷದಲ್ಲಿ ಮುಗೀತದೆ, ಆಮೇಲೆ ಪುನಃ ಕುರುಪ್.

ನನ್ನ ತಕರಾರು ಇಷ್ಟೇ. ಹಳೇ ಕೊಲೆ ಕೆದಕುವವರು ಹೆಚ್ಚಿನವರು ಕೇಳೋದು ಕೊಂದವ ಯಾರು ಅಂತ. ಆದ್ರೆ ಓದಿ ಓದಿ ನಂಗೆ ಅನಿಸಿದ್ದೆಂತ ಅಂದ್ರೆ, ಹೆಚ್ಚಿನ ಕೇಸಲ್ಲಿ ಅದು ಯಾರಿಗೋ ಗೊತ್ತೇ ಇರ್ತದೆ, ಅಥವಾ ಗೊತ್ತಾಗ್ಲಿಕ್ಕೆ ಬೇಕಾದ್ದು ಯಾರದೋ ಕೈಯಲ್ಲೇ ಇರ್ತದೆ, ಅವರು ಬಾಯಿ ಬಿಡೋದಿಲ್ಲ ಅಷ್ಟೆ. ಯಾರು ಸುಮ್ಮನಿದ್ರು, ಯಾಕೆ ಸುಮ್ಮನಿದ್ರು, ಸುಮ್ಮನಿದ್ದದ್ದರಿಂದ ಯಾರಿಗೆ ಲಾಭ ಆಯ್ತು ಅಂತ ಹುಡುಕಿ ಬರೆದವನೇ ನನ್ನ ಲೆಕ್ಕದಲ್ಲಿ ತನಿಖೆ ಮಾಡಿದ ಲೇಖಕ, ಉಳಿದವರದ್ದು ಜ್ಯೋತಿಷ್ಯ.

ಲಂಡನಿನ ಜಾಕ್ ದಿ ರಿಪ್ಪರ್‌ನದ್ದೇ ತಗೊಳ್ಳಿ. 1888ರ ಆಗಸ್ಟ್ ಕೊನೆಯಿಂದ ನವೆಂಬರ್ ಒಳಗೆ ವೈಟ್‌ಚಾಪೆಲ್ ಕಡೆ ಐದು ಹೆಂಗಸರ ಕೊಲೆ. ಇದರ ಮೇಲೆ ಎಷ್ಟು ಜನ ಬರೆದಿದ್ದಾರೋ, ಡಾಕ್ಟ್ರ ಮೇಲೆ ಹಾಕಿದ್ರು, ಪೇಂಟರ್ ಮೇಲೆ ಹಾಕಿದ್ರು, ರಾಣಿಯ ಮೊಮ್ಮಗನನ್ನೂ ಬಿಡ್ಲಿಲ್ಲ. ಇವರಲ್ಲಿ ಸುಮಾರು ಜನ ಹಿಡ್ಕೊಂಡು ನೇತಾಡೋದು ಮೆಕ್‌ನಾಟನ್ ಎಂಬ ದೊಡ್ಡ ಪೊಲೀಸ್ ಅಧಿಕಾರಿ 1894ರಲ್ಲಿ ಬರೆದಿಟ್ಟ ಒಂದು ಟಿಪ್ಪಣಿಯನ್ನ. ಅದರಲ್ಲಿ ಮೂರು ಜನ ಶಂಕಿತರ ಹೆಸರುಂಟು. ಆದ್ರೆ ಈ ಮಹಾನುಭಾವ ಇಲಾಖೆಗೆ ಸೇರಿದ್ದೇ 1889ರಲ್ಲಿ, ಕೊಲೆಗಳೆಲ್ಲ ಆದ ಮೇಲೆ. ಮೂವರಲ್ಲಿ ಒಬ್ಬ ಡ್ರೂಯಿಟ್, ಅವನನ್ನ ಇವರು 41 ವರ್ಷದ ಡಾಕ್ಟರ್ ಅಂತ ಬರೆದಿದ್ದಾರೆ, ನಿಜವಾಗಿ ಅವ 31 ವರ್ಷದ ವಕೀಲ, ಮೇಲಿಂದ ಶಾಲೆಯಲ್ಲಿ ಮಾಷ್ಟ್ರು. ಇನ್ನೊಬ್ಬ ಓಸ್ಟ್ರೋಗ್, ಅವ ಆಗ ಫ್ರಾನ್ಸಿನ ಜೈಲಲ್ಲಿದ್ದ ಅಂತ ಆಮೇಲೆ ದಾಖಲೆಯೇ ಸಿಕ್ಕಿತು. ಸರ್ಕಾರಿ ಕಾಗದ ಅಂದ ಕೂಡ್ಲೆ ಕಣ್ಣಿಗೊತ್ತಿಕೊಳ್ಳುವವರಿಗೆ ಈ ಒಂದು ಕತೆ ಸಾಕು.

2019ರಲ್ಲಿ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಗಾರ್ತಿ ಬೇರೇ ದಾರಿ ಹಿಡಿದ್ರು. ಕೊಂದವನ ಗೊಡವೆಗೇ ಹೋಗದೆ ಆ ಐದು ಹೆಂಗಸರು ಹುಟ್ಟಿದ್ದೆಲ್ಲಿ, ಮದುವೆ ಆದದ್ದು ಯಾರನ್ನ, ಬೀದಿಗೆ ಬಂದದ್ದು ಹೇಗೆ ಅಂತ ಹುಡುಕಿದ್ರು. ಒಬ್ಬಳು ಪ್ರಿಂಟಿಂಗ್ ಕೆಲಸದವನ ಹೆಂಡತಿ, ಒಬ್ಬಳು ಕೋಚುಗಾಡಿ ಓಡಿಸುವವನ ಹೆಂಡತಿ, ಒಬ್ಬಳು ಸ್ವೀಡನ್ನಿಂದ ಕೆಲಸ ಹುಡುಕ್ಕೊಂಡು ಬಂದವಳು. ಎಲ್ರೂ ವೇಶ್ಯೆಯರು ಅಂತ ನೂರಮೂವತ್ತು ವರ್ಷದಿಂದ ಕಾಪಿ ಹೊಡ್ಕೊಂಡು ಬಂದದ್ದಕ್ಕೆ ಮೂವರ ವಿಷಯದಲ್ಲಿ ಸರಿಯಾದ ಆಧಾರವೇ ಇಲ್ಲ ಅಂತ ಅವರ ವಾದ. ಮೊದಲು ಸತ್ತ ಮೇರಿ ಆನ್ ನಿಕೋಲ್ಸ್ ಆ ರಾತ್ರಿ ಹೊರಗಿದ್ದದ್ದು ಯಾಕೆ ಗೊತ್ತುಂಟಾ, ಛತ್ರದಂಥ ಜಾಗದಲ್ಲಿ ಮಲಗ್ಲಿಕ್ಕೆ ನಾಲ್ಕು ಪೆನ್ನಿ ಬೇಕಿತ್ತು, ಅವಳತ್ರ ಇರ್ಲಿಲ್ಲ, ಹೊರಗೆ ಕಳಿಸಿದ್ರು. ಎರಡನೆಯವಳದ್ದೂ ಹೆಚ್ಚುಕಮ್ಮಿ ಅದೇ ಕತೆ. ಚಾಕು ಹಿಡಿದವ ಒಬ್ಬ ಇರಬಹುದು, ಆದ್ರೆ ಬಾಗಿಲು ಹಾಕಿದವರ ಹೆಸರು ಯಾರೂ ಕೇಳ್ಲಿಲ್ಲ.

ಸುಮ್ಮನಿರುವುದಕ್ಕೆ ನಾನು ಓದಿದ್ದರಲ್ಲೇ ಜೋರು ಉದಾಹರಣೆ ಅದೇ ಇಂಗ್ಲೆಂಡಿನ ವಿಲ್ಟ್‌ಶೈರ್‌ನದ್ದು, 1860. ದೊಡ್ಡ ಮನೆ, ಮೂರು ವರ್ಷದ ಮಗು ರಾತ್ರಿ ಹಾಸಿಗೆಯಿಂದ ಕಾಣೆ, ಬೆಳಿಗ್ಗೆ ನೋಡಿದ್ರೆ ಹೊರಗಿನ ಪಾಯಿಖಾನೆಯಲ್ಲಿ ಕತ್ತು ಕೊಯ್ದ ಹೆಣ. ಲಂಡನ್ನಿಂದ ವಿಚರ್ ಎಂಬ ಡಿಟೆಕ್ಟಿವ್ ಬಂದ, ಮಗುವಿನ ಮಲ ಅಕ್ಕ 16 ವರ್ಷದ ಕಾನ್‌ಸ್ಟೆನ್ಸ್ ಮೇಲೆ ಅನುಮಾನ ಪಟ್ಟ, ಅವಳ ಒಂದು ನೈಟ್‌ಡ್ರೆಸ್ ಲೆಕ್ಕಕ್ಕೆ ಸಿಗೋದಿಲ್ಲ ಅಂತ. ಇಡೀ ದೇಶ ಅವನಿಗೆ ಬೈದದ್ದೇ ಬೈದದ್ದು, ಕೂಲಿಕಾರರ ಜಾತಿಯಿಂದ ಬಂದ ಪೊಲೀಸ್ ಮರ್ಯಾದಸ್ಥರ ಮನೆ ಹುಡುಗಿಗೆ ಕೈ ತೋರಿಸೋದಾ ಅಂತ. ಆದ್ರೆ ಅವ ಬರುವ ಮೊದಲೇ ಊರಿನ ಪೊಲೀಸರಿಗೆ ಅಡುಗೆ ಮನೆ ಒಲೆಯಡಿ ರಕ್ತದ ಕಲೆ ಇದ್ದ ಒಳಬಟ್ಟೆ ಒಂದು ಸಿಕ್ಕಿತ್ತು, ಅದೂ ಅವರ ಕೈಯಿಂದ ತಪ್ಪಿಹೋಯ್ತು, ಮಾನ ಹೋಗ್ತದೆ ಅಂತ ಆ ಸುದ್ದಿಯನ್ನೇ ಮುಚ್ಚಿಟ್ರು, ವಿಚರ್‌ಗೂ ಹೇಳ್ಲಿಲ್ಲ! 1865ರಲ್ಲಿ ಕಾನ್‌ಸ್ಟೆನ್ಸ್ ತಾನಾಗಿ ಬಂದು ಒಪ್ಪಿಕೊಂಡಳು, 20 ವರ್ಷ ಜೈಲಲ್ಲಿದ್ದು ಆಸ್ಟ್ರೇಲಿಯಾಕ್ಕೆ ಹೋಗಿ ಬೇರೆ ಹೆಸರಲ್ಲಿ ನರ್ಸ್ ಆಗಿ ನೂರು ವರ್ಷ ಬದುಕಿ 1944ರಲ್ಲಿ ಸತ್ತಳು. ವಿಚರ್ ಮಾತ್ರ ಕೇಸು ಕೈಕೊಟ್ಟ ಮೇಲೆ ಮನಸ್ಸು ಕೆಟ್ಟು ಬೇಗ ಪೆನ್ಷನ್ ತಗೊಂಡಿದ್ದ.

ದೂರದ್ದು ಯಾಕೆ, ವಯನಾಡಿನದ್ದೇ ಹೇಳ್ತೇನೆ. 1970ರ ಫೆಬ್ರವರಿ 18, ತಿರುನೆಲ್ಲಿ ಕಾಡು, ನಕ್ಸಲ್ ವರ್ಗೀಸ್ ಎನ್‌ಕೌಂಟರಲ್ಲಿ ಸತ್ತ ಅಂತ ಪೊಲೀಸರ ಲೆಕ್ಕ. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ಕಾನ್‌ಸ್ಟೇಬಲ್ ಹೊರಗೆ ಬಂದು, ಎನ್‌ಕೌಂಟರೂ ಇಲ್ಲ ಎಂತದೂ ಇಲ್ಲ, ಮೇಲಿನವರು ಹೇಳಿದ್ರು, ಹಿಡಿದು ತಂದವನನ್ನ ನಾನೇ ಗುಂಡು ಹಾರಿಸಿ ಕೊಂದದ್ದು ಅಂತ ಹೇಳಿಬಿಟ್ಟ. ಸಿಬಿಐ ಬಂತು, 2010ರಲ್ಲಿ ಐಜಿ ಆಗಿ ರಿಟೈರ್ ಆಗಿದ್ದ ಲಕ್ಷ್ಮಣ ಎಂಬವರಿಗೆ ಜೀವಾವಧಿ ಶಿಕ್ಷೆ ಆಯ್ತು. ಅಷ್ಟರಲ್ಲಿ ಕಾನ್‌ಸ್ಟೇಬಲ್ ತೀರಿಹೋಗಿದ್ದ. 28 ವರ್ಷ ಈ ಮನುಷ್ಯ ಅದನ್ನ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿದ್ದ. ಕೊಂದದ್ದು ಯಾರು ಅನ್ನುವ ಪ್ರಶ್ನೆ ಇಲ್ಲಿ ಒಂದು ಸಾಲಲ್ಲಿ ಮುಗೀತು. ಆ 28 ವರ್ಷ ಉಂಟಲ್ಲ, ಪುಸ್ತಕ ಇರೋದು ಅಲ್ಲಿ.

ಇನ್ನು ನಮ್ಮೂರಿನ ವಿಷಯ. ನಮ್ಮ ಕಡೆ ಹಳೇ ಕೊಲೆಗಳನ್ನ ಮೊದಲು ದಾಖಲೆ ಮಾಡಿದ್ದು ಪೊಲೀಸರೂ ಅಲ್ಲ ಪೇಪರಿನವರೂ ಅಲ್ಲ, ದೈವ ಕಟ್ಟುವವರು, ಅಂದ್ರೆ ದೈವದ ವೇಷ ಹಾಕಿ ಕುಣಿಯುವವರು. ನೀಲೇಶ್ವರದ ಪಾಲಂತಾಯಿ ಕಣ್ಣನ್ ಕತೆ ಗೊತ್ತಿಲ್ಲದವರು ಈ ಕಡೆ ಕಮ್ಮಿ. ಕುರುವಾಟ್ ಕುರುಪ್ ಎಂಬ ಧಣಿಯ ಮನೆ ಕೆಲಸದ ಹುಡುಗ, ಮಾವಿನಮರ ಹತ್ತಿ ತಿಂತಿದ್ದ ಹಣ್ಣು ಧಣಿಯ ಸೊಸೆಯ ಮೈಮೇಲೆ ಬಿತ್ತು ಅಂತ ಜೀವ ಉಳಿಸ್ಕೊಳ್ಳಲಿಕ್ಕೆ ಮಂಗಳೂರಿಗೆ ಓಡಿಹೋದವ, ವರ್ಷಗಳ ಮೇಲೆ ವಾಪಸ್ ಬಂದಾಗ ಕೆರೆ ಹತ್ರ ಕುರುಪ್ ಅವನನ್ನ ಕಡಿದು ಹಾಕಿದ. ಆಮೇಲೆ ಊರಿಗೆ ಉಪದ್ರ ಶುರುವಾಗಿ ವಿಷ್ಣುಮೂರ್ತಿ ತೆಯ್ಯಂ ಆಯ್ತು, ದೈವಕ್ಕೆ ಮಲಯಾಳದಲ್ಲಿ ತೆಯ್ಯಂ ಅಂತಾರೆ. ದೈವ ಕಟ್ಟುವಾಗ ಅದರ ಕತೆ ಹೇಳುವ ಹಾಡು, ತೋಟ್ಟಂ ಪಾಟ್ಟು, ಕೇಳಿ ನೋಡಿ, ಕೊಂದವನ ಮನೆ ಹೆಸರು ರಾಜಾರೋಷವಾಗಿ ಹೇಳ್ತಾರೆ. ಕುಂಞಿಮಂಗಲದ ಕಡಾಂಗೋಟ್ ಮಾಕ್ಕಂ ಕತೆಯೂ ಹಾಗೇ, ತಂಗಿಯನ್ನೂ ಅವಳ ಎರಡು ಮಕ್ಕಳನ್ನೂ ಅಣ್ಣಂದಿರೇ ಕೊಂದದ್ದು, ಆದ್ರೆ ಪಾಟ್ಟು ಅಷ್ಟಕ್ಕೆ ನಿಲ್ಲೋದಿಲ್ಲ, ಸುಳ್ಳು ಅಪವಾದ ಹಬ್ಬಿಸಿದ ಅತ್ತಿಗೆಯಂದಿರನ್ನೂ ಲೆಕ್ಕಕ್ಕೆ ಹಿಡೀತದೆ. ಕತ್ತಿ ಹಿಡಿದವ, ಕಿವಿ ಊದಿದವರು, ಎಲ್ರದ್ದೂ ಹೆಸರುಂಟು. ಇದು ಇತಿಹಾಸ ಅಂತ ನಾನು ಹೇಳ್ತಾ ಇಲ್ಲ, ಕಮೆಂಟಲ್ಲಿ ಬಂದು ಜಗಳ ಮಾಡ್ಬೇಡಿ. ಆದ್ರೆ ಕೇಳುವ ಪ್ರಶ್ನೆ ನಂಗೆ ಸರಿ ಕಾಣ್ತದೆ.

ನಮ್ಮ ಕಾಸರಗೋಡು ಜಿಲ್ಲೆಯದ್ದೇ ಕಯ್ಯೂರಿನದ್ದು ಬೇರೆ ಕಷ್ಟ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಸುಬ್ಬರಾಯನ್ ಎಂಬ ಪೊಲೀಸಿನವ, ಮೊದಲು ಅವನ ಕೈಯಲ್ಲೇ ಬಾವುಟ ಹಿಡಿಸಿ ನಡೆಸಿದ್ರು, ತಪ್ಪಿಸ್ಕೊಳ್ಳಲಿಕ್ಕೆ ಹೊಳೆಗೆ ಹಾರಿದ, ಕಲ್ಲು ಬಿತ್ತು, ಮುಳುಗಿ ಸತ್ತ. ನಾವಾಗ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ್ಯ, ಹಾಗಾಗಿ ಕೇಸು ನಡೆದದ್ದು ಮಂಗಳೂರಲ್ಲಿ. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್, ಈ ನಾಲ್ಕು ಜನರನ್ನ 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಲ್ಲಿ ಗಲ್ಲಿಗೆ ಹಾಕಿದ್ರು, ಐದನೆಯವ ಪ್ರಾಯಕ್ಕೆ ಬಂದಿಲ್ಲ ಅಂತ ಉಳ್ಕೊಂಡ. ನಿರಂಜನರು ಇದನ್ನೇ ಇಟ್ಟು 1955ರಲ್ಲಿ ಚಿರಸ್ಮರಣೆ ಬರೆದ್ರು, ಅವರು ನೀಲೇಶ್ವರದಲ್ಲಿ ಓದಿದವರು, ಈ ಊರು ಈ ಜನ ಗೊತ್ತಿದ್ದವರು. ಹತ್ತಿರದಿಂದ ಬರೆದದ್ದಕ್ಕೇ ಅದಕ್ಕೆ ಆ ಬಿಸಿ. ಅದು ಕಾದಂಬರಿ, ತನಿಖೆ ಅಲ್ಲ, ಆ ಲೆಕ್ಕದಲ್ಲಿ ತೂಗೋದು ತಪ್ಪು. ಆದ್ರೂ ಎಂಬತ್ತು ವರ್ಷ ಕಳೆದ ಮೇಲಾದ್ರೂ ಯಾರಾದ್ರೂ ಕೂತು ಆ ಜಡ್ಜ್‌ಮೆಂಟ್ ಸಾಲು ಸಾಲು ಓದಿ ಬರೀಬೇಕು. ಅಷ್ಟು ಜನರ ಗುಂಪಲ್ಲಿ ಆ ನಾಲ್ಕು ಜನರ ಕೊರಳಿಗೇ ಹಗ್ಗ ಬಿದ್ದದ್ದು ಯಾವ ಸಾಕ್ಷಿಯ ಮೇಲೆ, ಆ ಸಾಕ್ಷಿಗಳು ಯಾವ ಜಮೀನ್ದಾರನ ಒಕ್ಕಲು, ಮತ್ತೆ ಆ ಸುಬ್ಬರಾಯನ್ ಮನೆಗೆ ಸುದ್ದಿ ಮುಟ್ಟಿಸಿದ್ದು ಯಾರು. ಎಡದವರು ಹುತಾತ್ಮರ ಕಡೆ ನಿಲ್ತಾರೆ, ಬೇರೆಯವರು ಪೊಲೀಸಿನವನ ಕಡೆ, ಎರಡೂ ಕಡೆಯವರು ಕಾಗದ ಓದೋದಿಲ್ಲ.

ಅದೇ ಕಣ್ಣೂರು ಜೈಲಲ್ಲಿ 1991ರಲ್ಲಿ ರಿಪ್ಪರ್ ಚಂದ್ರನನ್ನೂ ಗಲ್ಲಿಗೆ ಹಾಕಿದ್ದು. ಕೇರಳದಲ್ಲಿ ಆಮೇಲೆ ಯಾರನ್ನೂ ಹಾಕಿಲ್ಲ. ಎಂಬತ್ತರ ದಶಕದಲ್ಲಿ ಬೆಳೆದ ಕಾಸರಗೋಡಿನವರಿಗೆ ಇವನ ಬಗ್ಗೆ ವಿವರಿಸ್ಬೇಕಾಗಿಲ್ಲ, ಸೆಕೆ ಎಷ್ಟಿದ್ರೂ ಯಾರೂ ಜಗಲಿಯಲ್ಲಿ ಮಲಗ್ತಿರ್ಲಿಲ್ಲ, ರಾತ್ರಿ ನಾಯಿ ಬೊಗಳಿದ್ರೆ ಮನೆಯವರೆಲ್ಲ ಎದ್ದು ಕೂರ್ತಿದ್ದದ್ದು. ತಲೆಗೆ ಸುತ್ತಿಗೆ ಏಟು. 14 ಕೊಲೆ ಅಂತ ಪತ್ರಿಕೆಗಳ ಲೆಕ್ಕ. ಲಂಡನಿನವನ ಅಡ್ಡಹೆಸರು ಇವನಿಗೆ ಅಂಟಿತು, ಜೊತೆಗೆ ಲಂಡನಿನ ರೋಗವೂ ಅಂಟಿತು. ಚಂದ್ರನ ಹೆಸರು ಮಕ್ಕಳಿಗೂ ಗೊತ್ತು, ಸತ್ತವರಲ್ಲಿ ಒಬ್ಬರ ಹೆಸರು ಹೇಳಿ ಅಂತ ನಮ್ಮ ಸ್ಟಾಫ್ ರೂಮಲ್ಲಿ ಕೇಳಿದೆ, ಒಬ್ಬರೂ ಹೇಳ್ಲಿಲ್ಲ. ಇವನ ಬಗ್ಗೆ ಯಾರಾದ್ರೂ ಬರೆಯೋದಾದ್ರೆ ಸುತ್ತಿಗೆಯಿಂದ ಶುರು ಮಾಡ್ಬೇಡಿ ಅಂತ ಕೈಮುಗಿದು ಕೇಳ್ಕೊಳ್ತೇನೆ.

ನಮ್ಮ ಮನೆ ಹತ್ರ ಒಬ್ಬರು ಕೋರ್ಟಲ್ಲಿ ಗುಮಾಸ್ತರಾಗಿ ರಿಟೈರ್ ಆದವರಿದ್ದಾರೆ, ಸಂಜೆ ಅಡಿಕೆ ಸುಲೀತಾ ಕೂತಿರ್ತಾರೆ, ಈ ವಿಷಯ ಎತ್ತಿದ್ರೆ ನಂಗೇ ಪಾಠ. ಹಳೇ ಫೈಲಲ್ಲಿ ಎಂತ ಸಿಗ್ತದೆ ಅಂತ ನಿಮಗೆ ಅಷ್ಟು ಆಸೆ ಮಾಷ್ಟ್ರೆ, ಸಾಕ್ಷಿ ತುಳುವಲ್ಲಿ ಹೇಳ್ತಾನೆ, ದುಭಾಷಿ ಅರ್ಧ ನುಂಗ್ತಾನೆ, ಜಡ್ಜ್ ಇಂಗ್ಲಿಷಲ್ಲಿ ಬರೀತಾರೆ, ಮಹಜರಿಗೆ ಸೈನ್ ಹಾಕಿದವ ಹೆಣದ ಮುಖವನ್ನೇ ನೋಡಿರೋದಿಲ್ಲ ಅಂತಾರೆ. ಅವರತ್ರ ಕಲಿತ ಒಂದು ಮಾತು ಮಾತ್ರ ಎಲ್ಲಾ ಬರೆಯುವವರಿಗೂ ಹೇಳ್ಬೇಕು. ಆರೋಪಿ ಪೊಲೀಸಿನವರ ಹತ್ರ ತಪ್ಪೊಪ್ಪಿಕೊಂಡದ್ದು ಕೋರ್ಟಲ್ಲಿ ಅವನ ವಿರುದ್ಧ ನಡೆಯೋದಿಲ್ಲ, 2024ರ ತನಕ ಅದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಆಗಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇದು, ಠಾಣೆಯೊಳಗೆ ಹೇಗೆ ಬಾಯಿ ಬಿಡಿಸ್ತಾರೆ ಅಂತ ಬ್ರಿಟಿಷರಿಗೂ ಗೊತ್ತಿತ್ತು. ಕೋರ್ಟೇ ಮುಟ್ಟದ ಆ ಹೇಳಿಕೆಯನ್ನ ನಮ್ಮ ಕ್ರೈಂ ಲೇಖಕರು ಇನ್ವರ್ಟೆಡ್ ಕಾಮಾ ಹಾಕಿ ಕೊಲೆಗಾರನದ್ದೇ ಮಾತು ಅಂತ ಪುಟಗಟ್ಟಲೆ ಬರೀತಾರೆ! ಅಮೆರಿಕದ ಟ್ರೂಮನ್ ಕಪೋಟಿಯಂಥ ದೊಡ್ಡ ಲೇಖಕನೇ ಕ್ಯಾನ್ಸಸ್‌ನ 1959ರ ನಾಲ್ಕು ಕೊಲೆಗಳ ಪುಸ್ತಕದಲ್ಲಿ ಪ್ರತಿ ಮಾತೂ ನಿಜ ಅಂತ ಹೇಳ್ಕೊಂಡು ಕೊನೇ ಸ್ಮಶಾನದ ದೃಶ್ಯವನ್ನ ಕಟ್ಟಿ ಬರೆದದ್ದು, ಮತ್ತೆ ಇವರಿಗೆ ಯಾರು ಬುದ್ಧಿ ಹೇಳೋದು.

ಮೊನ್ನೆ ಅದೇ ಗುಮಾಸ್ತರು ಒಂದು ಕೇಳಿದ್ರು. ಅಲ್ಲ ಮಾಷ್ಟ್ರೆ, ನೀವು ಹೇಳಿದ ಹಾಗೆ ಸುಮ್ಮನಿದ್ದವರ ಹೆಸರೆಲ್ಲ ಬರೆದ್ರೆ ಅವರ ಮೊಮ್ಮಕ್ಕಳು ಇಲ್ಲೇ ಬಸ್‌ಸ್ಟ್ಯಾಂಡಲ್ಲಿ ಸಿಗ್ತಾರಲ್ಲ, ಆ ಮನೆಯಲ್ಲಿ ಮದುವೆಗಿರುವ ಹುಡುಗಿಯರಿದ್ದಾರೆ, ಅದಕ್ಕೆ ಎಂತ ಮಾಡ್ತೀರಿ? ಪ್ರಶ್ನೆ ಸುಲಭದ್ದಲ್ಲ. ಅಜ್ಜ ಉಲ್ಟಾ ಹೊಡೆದ ಸಾಕ್ಷಿ ಅಂತ ಮೊಮ್ಮಗಳ ತಲೆ ಮೇಲೆ ಹೊರಿಸೋದು ನ್ಯಾಯ ಅಲ್ಲ, ಆದ್ರೆ ಮರ್ಯಾದೆ ಹೋಗ್ತದೆ ಅಂತ ಹೆಸರು ಮುಚ್ಚಿದ್ರೆ ನಾವೂ ವಿಲ್ಟ್‌ಶೈರ್ ಪೊಲೀಸರ ಸಾಲಿಗೇ ಸೇರಿದ ಹಾಗೆ. ನಾನು ಹೇಳಿದೆ, ಕುರುವಾಟ್ ಕುರುಪನ ಹೆಸರು ಹೇಳ್ದೆ ವಿಷ್ಣುಮೂರ್ತಿ ಕಟ್ಲಿಕ್ಕೆ ಆಗ್ತದಾ, ಆ ಮನೆಯವರೂ ನಿಂತು ಕೇಳ್ತಾರಲ್ಲ ಅಂತ.

ಅವರು ಅಡಿಕೆ ಸುಲಿಯೋದು ನಿಲ್ಲಿಸ್ಲಿಲ್ಲ. "ಅದು ದೈವ ಹೇಳೋದು. ನೀವು ಹೇಳಿದ್ರೆ ಮಾನನಷ್ಟ ಕೇಸು."